ಹಿತ್ತಲ ಮೀನಿನ ಕೊಳಕ್ಕೆ ಮನೆಯಲ್ಲೇ ಫಿಲ್ಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಲೆಕ್ಕವೆಲ್ಲ ದಾವಣಗೆರೆ, ಚಿತ್ರದುರ್ಗ ಕಡೆಯ ಬಿಸಿಲು, ಬೋರ್ ನೀರು, ಎರೆಮಣ್ಣು ಮತ್ತು ಕರೆಂಟನ್ನು ನೋಡಿಕೊಂಡು ಹಾಕಿದ್ದು. ಉದಾಹರಣೆಗೆ ಹಿಡಿದಿರುವುದು 8 ಅಡಿ ಉದ್ದ, 5 ಅಡಿ ಅಗಲ, 2 ಅಡಿ ಆಳದ ಕೊಳ. ನಿಮ್ಮದು ದೊಡ್ಡದಿದ್ದರೆ ಅದೇ ಪ್ರಮಾಣದಲ್ಲಿ ಹೆಚ್ಚಿಸಿಕೊಳ್ಳಿ.

ಡ್ರಮ್ಮಿಗೆ ಜಲ್ಲಿ, ಮರಳು, ಇದ್ದಿಲು ಪದರ ಪದರವಾಗಿ ತುಂಬಿದರೆ ಸಾಲದೇ?

ಸಾಲದು. ಅದು ಶಾಲೆಯ ಪಾಠದಲ್ಲಿ ನೋಡಿದ ಕುಡಿಯುವ ನೀರಿನ ಫಿಲ್ಟರ್. ಅದರ ಕೆಲಸವೇ ಬೇರೆ. ಕುಡಿಯುವ ನೀರು ಒಂದು ಸಲ ಸೋಸಿ ಹೊರಗೆ ಹೋಗುತ್ತದೆ, ಕೊಳದ ನೀರು ದಿನಕ್ಕೆ ಹತ್ತು ಹನ್ನೆರಡು ಸಲ ಅದೇ ಡ್ರಮ್ಮಿಗೆ ಬಂದು ಹೋಗುತ್ತದೆ. ಪ್ರತಿ ಸಲವೂ ಮೀನಿನ ಹೇಲು, ತಿನ್ನದೆ ಉಳಿದ ಆಹಾರ, ಪಾಚಿ ಹೊತ್ತು ತರುತ್ತದೆ. ಮರಳಿನ ಪದರ ಒಂದು ವಾರದೊಳಗೆ ಕಟ್ಟಿಕೊಳ್ಳುತ್ತದೆ. ಆಗ ನೀರು ಮರಳಿನೊಳಗೆ ಹೋಗದೆ ಒಂದು ಮೂಲೆಯಲ್ಲಿ ತೂತು ಕೊರೆದುಕೊಂಡು ಅಲ್ಲಿಂದಷ್ಟೇ ಹರಿಯುತ್ತದೆ. ಉಳಿದ ಮರಳು ಗಾಳಿಯಿಲ್ಲದೆ ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಇದ್ದಿಲು ಕೆಲವು ವಾರ ಬಣ್ಣ, ವಾಸನೆ ಹೀರಿಕೊಂಡು ಆಮೇಲೆ ಬರೀ ಕಲ್ಲಿನಂತೆ ಕೂತಿರುತ್ತದೆ.

ಕೊಳದ ಫಿಲ್ಟರಿಗೆ ಎರಡು ಕೆಲಸ. ಒಂದು, ಕೆಸರನ್ನು ಕೂರಿಸಿ ಹೊರಗೆ ಹಾಕುವುದು. ಇನ್ನೊಂದು, ಕಣ್ಣಿಗೆ ಕಾಣದ ಅಮೋನಿಯವನ್ನು ತಿನ್ನುವ ಬ್ಯಾಕ್ಟೀರಿಯಾಕ್ಕೆ ಮನೆ ಕಟ್ಟಿಕೊಡುವುದು. ಎರಡನ್ನೂ ಒಂದೇ ಡ್ರಮ್ಮಿನಲ್ಲಿ ಮಾಡಲು ಹೋದರೆ ಕೆಸರು ತೊಳೆಯುವಾಗ ಬ್ಯಾಕ್ಟೀರಿಯಾವೂ ತೊಳೆದು ಹೋಗುತ್ತದೆ. ಅದಕ್ಕೇ ಎರಡು ಡ್ರಮ್ಮು.

ಚಿತ್ರದುರ್ಗದ ಕೋಟೆ ನೋಡಿದವರಿಗೆ ಇದು ಹೊಸದೇನಲ್ಲ. ಮಳೆನೀರು ಗೋಪಾಲಸ್ವಾಮಿ ಹೊಂಡ ತುಂಬಿ, ಅಲ್ಲಿಂದ ಅಕ್ಕ-ತಂಗಿ ಹೊಂಡಕ್ಕೆ, ಆಮೇಲೆ ಸಿಹಿನೀರು ಹೊಂಡ, ಸಂತೆ ಹೊಂಡಕ್ಕೆ ಇಳಿಯುತ್ತಿತ್ತು. ಮೇಲಿನದರಲ್ಲಿ ಹೂಳು ನಿಲ್ಲುತ್ತದೆ, ಕೆಳಗಿನದಕ್ಕೆ ತಿಳಿನೀರು ಬರುತ್ತದೆ.

ನೀರು ತಿಳಿಯಾಗಿಯೇ ಇದೆ. ಆದರೂ ಮೀನು ಸಾಯುತ್ತಿವೆ, ಯಾಕೆ?

ಅಮೋನಿಯಕ್ಕೆ ಬಣ್ಣವಿಲ್ಲ. ಮೀನು ಕಿವಿರಿನಿಂದ ಅಮೋನಿಯ ಬಿಡುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನ ಎರಡೂ ವಿಷ. ಮೂರನೆಯದು ಗಿಡಕ್ಕೆ ಗೊಬ್ಬರ, ಮೀನಿಗೆ ಅಷ್ಟು ತೊಂದರೆಯಿಲ್ಲ.

ನಮ್ಮ ಕಡೆ ಒಂದು ಹೆಚ್ಚಿನ ತಾಪತ್ರಯ ಇದೆ. ಬೋರ್ ನೀರು ಗಡಸು, ಪಿಎಚ್ (ನೀರು ಹುಳಿಯೋ ಕ್ಷಾರವೋ ಎಂದು ತಿಳಿಸುವ ಅಳತೆ) ಸಾಮಾನ್ಯವಾಗಿ ಮೇಲೇ ಇರುತ್ತದೆ. ನೀರಿನಲ್ಲಿರುವ ಒಟ್ಟು ಅಮೋನಿಯ ಅಷ್ಟೇ ಇದ್ದರೂ ಪಿಎಚ್ 7.5ರಿಂದ 8.5ಕ್ಕೆ ಏರಿದರೆ ಅದರಲ್ಲಿ ವಿಷವಾಗಿರುವ ಪಾಲು ಸುಮಾರು 8 ಪಟ್ಟು ಹೆಚ್ಚುತ್ತದೆ. ಬಿಸಿಲು ಏರಿದಷ್ಟೂ ಇನ್ನೂ ಹೆಚ್ಚು. ಪಾಚಿ ತುಂಬಿದ ಕೊಳದಲ್ಲಿ ಮಧ್ಯಾಹ್ನದ ಹೊತ್ತಿಗೆ ಪಿಎಚ್ ತಾನಾಗಿಯೇ ಏರುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಮೀನು ಸಾಯುವುದಕ್ಕೆ ಇದೂ ಒಂದು ಕಾರಣ.

ಗಡಸು ನೀರಿನಿಂದ ಒಂದು ಲಾಭವೂ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಬ್ಯಾಕ್ಟೀರಿಯಾ ಅಮೋನಿಯ ತಿನ್ನುವಾಗ ನೀರಿನ ಕ್ಷಾರವನ್ನು ಖರ್ಚು ಮಾಡುತ್ತದೆ. ಮೆದು ನೀರಿನ ಊರುಗಳಲ್ಲಿ ಅದು ಮುಗಿದು ಪಿಎಚ್ ದಿಢೀರನೆ ಕುಸಿಯುತ್ತದೆ. ಇಲ್ಲಿನ ಬೋರ್ ನೀರಿನಲ್ಲಿ ಆ ಭಯ ಕಡಿಮೆ.

ನಮ್ಮ ಕೊಳದಲ್ಲಿ ಎಷ್ಟು ಲೀಟರ್ ನೀರಿದೆ ಅಂತ ತಿಳಿಯೋದು ಹೇಗೆ?

ಉದ್ದ, ಅಗಲ, ಆಳ ಮೂರನ್ನೂ ಅಡಿಯಲ್ಲಿ ಅಳೆದು ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿ. 8 × 5 × 2 = 80 ಘನ ಅಡಿ, ಅಂದರೆ ಸುಮಾರು 2,260 ಲೀಟರ್. ಗೋಡೆ ಇಳಿಜಾರಿದ್ದರೆ ಮೇಲಿನ ಅಳತೆ ಹಿಡಿಯಬೇಡಿ, ನಡುಮಟ್ಟದ ಅಳತೆ ಹಿಡಿಯಿರಿ.

ಎಷ್ಟು ದೊಡ್ಡ ಪಂಪ್ ಬೇಕು? ಕೂಲರ್ ಪಂಪ್ ಆಗುತ್ತಾ?

ಎರಡು ಗಂಟೆಗೊಮ್ಮೆ ಕೊಳದ ನೀರೆಲ್ಲ ಫಿಲ್ಟರ್ ಸುತ್ತಿ ಬರಬೇಕು. 2,260 ಲೀಟರಿಗೆ ಗಂಟೆಗೆ 1,130 ಲೀಟರ್. ಕೋಯಿ ಮೀನು ತುಂಬ ಬಿಟ್ಟಿದ್ದರೆ ಗಂಟೆಗೊಮ್ಮೆ.

ಪಂಪಿನ ಡಬ್ಬದ ಮೇಲೆ ಬರೆದ ಲೀಟರ್ ನಂಬಬೇಡಿ. ಅದು ನೀರನ್ನು ಒಂದಿಂಚೂ ಮೇಲೆತ್ತದೆ ಹರಿಸಿದಾಗಿನ ಲೆಕ್ಕ. ಕೂಲರ್ ಪಂಪ್ 1.8 ಮೀಟರ್ ಎತ್ತುತ್ತದೆ ಎಂದಿದ್ದರೆ, 1.8 ಮೀಟರ್ ಎತ್ತರದಲ್ಲಿ ಅದು ಕೊಡುವ ನೀರು ಸೊನ್ನೆ. ನೆಲದ ಮೇಲೆ ಪೀಠ, ಪೀಠದ ಮೇಲೆ ಡ್ರಮ್ಮು ಇಟ್ಟಾಗ ಕೊಳದ ನೀರಿನ ಮಟ್ಟದಿಂದ 1.2 ಮೀಟರ್ ಎತ್ತರ ಸುಲಭವಾಗಿ ಆಗುತ್ತದೆ. ಅಲ್ಲಿ ಸಣ್ಣ ಕೂಲರ್ ಪಂಪಿನ ಧಾರೆ ಸಣ್ಣಗಾಗುತ್ತದೆ. ಜೊತೆಗೆ ಅದು ಬೇಸಿಗೆಯ ಕೆಲವು ತಿಂಗಳು ಓಡಲಿಕ್ಕೆ ಮಾಡಿದ್ದು, ವರ್ಷವಿಡೀ ಹಗಲುರಾತ್ರಿ ಓಡಲಿಕ್ಕಲ್ಲ. ನಾಲ್ಕೈದು ನೂರು ಲೀಟರ್ ತೊಟ್ಟಿಗೆ ಸರಿ, ಈ ಕೊಳಕ್ಕೆ ಬೇಡ. 2.5ರಿಂದ 3 ಮೀಟರ್ ಎತ್ತುವ, 35–45 ವ್ಯಾಟಿನ ಕೊಳದ ಪಂಪ್ ತೆಗೆದುಕೊಳ್ಳಿ.

ಅಳೆಯುವುದು ಸುಲಭ. ಡ್ರಮ್ಮಿನ ಬಾಯಿಯ ಎತ್ತರಕ್ಕೆ ಪೈಪ್ ಹಿಡಿದು 20 ಲೀಟರ್ ನೀರಿನ ಕ್ಯಾನ್ ತುಂಬಿಸಿ. ಒಂದು ನಿಮಿಷಕ್ಕೆ ತುಂಬಿದರೆ ಗಂಟೆಗೆ 1,200 ಲೀಟರ್. ಎರಡು ನಿಮಿಷ ಹಿಡಿದರೆ 600. ಅಂಗಡಿಯವರು ಒಪ್ಪಿದರೆ ಅಲ್ಲೇ ಅಳೆದು ತನ್ನಿ.

ಏನೇನು ಸಾಮಾನು ಬೇಕು?

200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮು ಎರಡು, ಬಾಯಿ ಪೂರ್ತಿ ತೆರೆಯುವಂಥವು. 2 ಇಂಚಿನ ಟ್ಯಾಂಕ್ ನಿಪ್ಪಲ್ (ಡ್ರಮ್ಮಿನ ಗೋಡೆಗೆ ಪೈಪ್ ಕೂಡಿಸುವ ತುಂಡು) ಮೂರು, 1½ ಇಂಚಿನದು ಎರಡು, 1 ಇಂಚಿನದು ಒಂದು. 1½ ಇಂಚಿನ ಬಾಲ್ ವಾಲ್ವ್ ಎರಡು. 2 ಇಂಚಿನ ಪಿವಿಸಿ ಪೈಪ್ ಒಂದು ಉದ್ದ, ಅದಕ್ಕೆ ಎಲ್ಬೋ ನಾಲ್ಕು. ಪಂಪಿನಿಂದ ಡ್ರಮ್ಮಿಗೆ 1 ಇಂಚಿನ ಹೋಸ್ ಪೈಪ್, ಕ್ಲಿಪ್ ಸಮೇತ. ಟೆಫ್ಲಾನ್ ಟೇಪ್, ಲಾರಿ ಟ್ಯೂಬಿನ ತುಂಡು. ಈರುಳ್ಳಿ ತುಂಬುವ ಬಲೆ ಚೀಲ ಎಂಟು ಹತ್ತು. ಹಳೆಯ ಪ್ಲಾಸ್ಟಿಕ್ ತರಕಾರಿ ಕ್ರೇಟ್ ಒಂದು.

ಡ್ರಮ್ಮು ಗುಜರಿಯಿಂದ ತರುವಾಗ ಅದರಲ್ಲಿ ಮೊದಲು ಏನಿತ್ತು ಎಂದು ಕೇಳಿ, ಮೂಸಿ ನೋಡಿ. ಅಡುಗೆ ಎಣ್ಣೆ, ಹಣ್ಣಿನ ರಸ, ಉಪ್ಪಿನಕಾಯಿ ಇದ್ದದ್ದಾದರೆ ಸೋಪಿಲ್ಲದೆ ಬಿಸಿನೀರು, ಅಡುಗೆ ಸೋಡ ಹಾಕಿ ತೊಳೆದರೆ ಸಾಕು. ಕೀಟನಾಶಕ, ಆಸಿಡ್, ಬಣ್ಣದ ರಾಸಾಯನಿಕ ಇದ್ದದ್ದು ಎಷ್ಟೇ ಅಗ್ಗವಾದರೂ ಬೇಡ. ಪ್ಲಾಸ್ಟಿಕ್ ಅದನ್ನು ಹೀರಿಕೊಂಡಿರುತ್ತದೆ, ತೊಳೆದರೆ ಹೋಗುವುದಿಲ್ಲ.

ಕಟ್ಟುವುದು ಹೇಗೆ? ಹಂತ ಹಂತವಾಗಿ ಹೇಳಿ.

ಮೊದಲು ಪೀಠ. ತುಂಬಿದ ಡ್ರಮ್ಮು ಒಂದೊಂದೂ 200 ಕಿಲೋ ಮೇಲೆ ತೂಗುತ್ತದೆ. ದಾವಣಗೆರೆ ಸುತ್ತ ಎರೆಮಣ್ಣಿದ್ದರೆ ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಳೆಗಾಲದಲ್ಲಿ ಉಬ್ಬುತ್ತದೆ. ಅದರ ಮೇಲೆ ನೇರವಾಗಿ ಇಟ್ಟಿಗೆ ಜೋಡಿಸಿದರೆ ಒಂದೇ ವರ್ಷದಲ್ಲಿ ಡ್ರಮ್ಮು ವಾಲಿ ನಿಪ್ಪಲ್ ಸೋರುತ್ತದೆ. ಒಂದೂವರೆ ಅಡಿ ಅಗೆದು ಗರಸು ತುಂಬಿ, ನೀರು ಹಾಕಿ ಧಮ್ಮಸು ಮಾಡಿ, ಆಮೇಲೆ ಸಿಮೆಂಟ್ ಇಟ್ಟಿಗೆ ಜೋಡಿಸಿ. ಎರಡಕ್ಕೂ ಒಂದೇ ಪೀಠ ಇರಲಿ. ಎರಡನೆಯ ಡ್ರಮ್ಮು ಮೊದಲನೆಯದಕ್ಕಿಂತ 2 ಇಂಚು ಕೆಳಗೆ ಕೂರಬೇಕು. ಮೊದಲನೆಯದು ಡ್ರೈನ್ (ತಳದಲ್ಲಿ ಕೆಸರು ಹೊರಬಿಡುವ ವಾಲ್ವ್) ಕಡೆಗೆ ಅರ್ಧ ಇಂಚು ವಾಲಿರಲಿ.

ಮೊದಲನೆಯದು ಕೆಸರು ಡ್ರಮ್ಮು. ತಳದಿಂದ 1 ಅಡಿ ಎತ್ತರದಲ್ಲಿ 1 ಇಂಚಿನ ನಿಪ್ಪಲ್ ಹಾಕಿ, ಒಳಗಡೆ ಎಲ್ಬೋ ಕೂರಿಸಿ ಅದರ ಬಾಯಿ ಡ್ರಮ್ಮಿನ ಗೋಡೆಯುದ್ದಕ್ಕೂ ನೋಡುವಂತೆ ತಿರುಗಿಸಿ. ನೀರು ಗೋಡೆ ಹಿಡಿದು ನಿಧಾನಕ್ಕೆ ಸುತ್ತುತ್ತದೆ, ಕೆಸರು ನಡುವೆ ತಳಕ್ಕೆ ಇಳಿಯುತ್ತದೆ. ಬಾಯಿಂದ 4 ಇಂಚು ಕೆಳಗೆ 2 ಇಂಚಿನ ನಿಪ್ಪಲ್, ನೀರು ಹೊರಹೋಗಲಿಕ್ಕೆ. ತಳದ ಹತ್ತಿರ 1½ ಇಂಚಿನ ನಿಪ್ಪಲ್, ವಾಲ್ವ್. ಅದರ ಒಳಗಡೆ ಎಲ್ಬೋ ಕೆಳಮುಖವಾಗಿ ಹಾಕಿದರೆ ತಳದ ಕೆಸರನ್ನು ಎಳೆದುಕೊಳ್ಳುತ್ತದೆ. ಈ ಎಲ್ಬೋ ಮರೆತರೆ ನಿಪ್ಪಲಿನ ಕೆಳಗಿನ ಎರಡಿಂಚು ಕೆಸರು ಅಲ್ಲೇ ಕೂತಿರುತ್ತದೆ. ಈ ಡ್ರಮ್ಮಿನಲ್ಲಿ ಬೇರೇನೂ ತುಂಬಬೇಡಿ. ಖಾಲಿ ಇದೆಯಲ್ಲಾ ಎಂದು ಜಲ್ಲಿ ಸುರಿದವರು ಆಮೇಲೆ ಕೈಹಾಕಿ ಎತ್ತಿದ್ದಾರೆ.

ಎರಡನೆಯದು ಬ್ಯಾಕ್ಟೀರಿಯಾ ಡ್ರಮ್ಮು. ಮೊದಲನೆಯದರಿಂದ ಬರುವ 2 ಇಂಚಿನ ಪೈಪು ಮೇಲಿನಿಂದ ಒಳಹೊಕ್ಕು ಎಲ್ಬೋ ಮೂಲಕ ತಳದವರೆಗೆ ಇಳಿಯಬೇಕು, ತಳಕ್ಕೆ 3 ಇಂಚು ಬಿಟ್ಟು ನಿಲ್ಲಬೇಕು. ತಳದಲ್ಲಿ ಎರಡು ಇಟ್ಟಿಗೆ, ಅದರ ಮೇಲೆ ದುಂಡಗೆ ಕತ್ತರಿಸಿದ ಕ್ರೇಟಿನ ತಳ. ಅದರ ಮೇಲೆ ಚೀಲಗಳು. ನೀರು ಕೆಳಗಿನಿಂದ ಮೇಲಕ್ಕೆ ಏರಿ, ಬಾಯಿಂದ 4 ಇಂಚು ಕೆಳಗಿನ 2 ಇಂಚಿನ ನಿಪ್ಪಲಿನಿಂದ ಕೊಳಕ್ಕೆ ಬೀಳುತ್ತದೆ. ತಳದಲ್ಲಿ ಇಲ್ಲೂ ಒಂದು 1½ ಇಂಚಿನ ಡ್ರೈನ್ ವಾಲ್ವ್.

ಹೊರಹೋಗುವ ಪೈಪು ಒಳಬರುವುದರ ಎರಡರಷ್ಟು ದಪ್ಪ ಇರಲೇಬೇಕು. ಒಳಗೆ ಪಂಪ್ ತಳ್ಳುತ್ತದೆ, ಹೊರಗೆ ನೀರು ತನ್ನ ಭಾರಕ್ಕೇ ಹರಿಯಬೇಕು. 1 ಇಂಚು ಒಳಗೆ, 1 ಇಂಚು ಹೊರಗೆ ಇಟ್ಟರೆ ಡ್ರಮ್ಮು ಉಕ್ಕಿ ಬೆಳಗಾಗುವುದರೊಳಗೆ ಕೊಳ ಖಾಲಿ.

ಜೋಡಿಸಿದ ಮೇಲೆ ಬರೀ ನೀರು ತುಂಬಿ 24 ಗಂಟೆ ಬಿಡಿ. ಸೋರುವುದಿದ್ದರೆ ಆಗಲೇ ಸೋರಲಿ.

ನಿಪ್ಪಲ್ ಸೋರುತ್ತೆ. ಎಂ-ಸೀಲ್, ಸಿಲಿಕಾನ್ ಎಲ್ಲ ಹಚ್ಚಿದರೂ ನಿಲ್ಲುತ್ತಿಲ್ಲ.

ನಿಲ್ಲುವುದಿಲ್ಲ. ನೀಲಿ ಡ್ರಮ್ಮಿನ ಪ್ಲಾಸ್ಟಿಕ್ಕಿಗೆ ಎಂ-ಸೀಲ್ ಆಗಲಿ, ಸಿಲಿಕಾನ್ ಆಗಲಿ, ಪಿವಿಸಿ ಸಲ್ಯೂಷನ್ ಆಗಲಿ ಅಂಟುವುದೇ ಇಲ್ಲ. ಒಣಗಿದ ಮೇಲೆ ಉಗುರಿನಿಂದ ಎಬ್ಬಿಸಿದರೆ ಸಿಪ್ಪೆಯಂತೆ ಏಳುತ್ತದೆ. ಇಲ್ಲಿ ನೀರು ತಡೆಯುವುದು ರಬ್ಬರ್ ವಾಷರ್ ಒಂದೇ.

ಡ್ರಮ್ಮಿನ ಗೋಡೆ ದುಂಡಗಿರುವುದರಿಂದ ನಿಪ್ಪಲಿನ ಜೊತೆ ಬರುವ ತೆಳು ವಾಷರ್ ಎರಡು ಕಡೆ ಎದ್ದು ನಿಲ್ಲುತ್ತದೆ. ಲಾರಿ ಟ್ಯೂಬ್ ಕತ್ತರಿಸಿ ದಪ್ಪ ವಾಷರ್ ಮಾಡಿ ಒಳಗಡೆ ಹಾಕಿ, ಚೂಡಿಗೆ (ನಿಪ್ಪಲಿನ ತಿರುಪಿನ ಗೆರೆಗೆ) ಟೆಫ್ಲಾನ್ ಸುತ್ತಿ ಬಿಗಿ ಮಾಡಿ. ತೂತನ್ನು ಕಾಯಿಸಿದ ಕಬ್ಬಿಣದಿಂದ ಸುಡಬೇಡಿ, ಅಂಚು ಗಂಟುಗಂಟಾಗುತ್ತದೆ. ಪ್ಲಂಬರ್ ಹತ್ತಿರ ಹೋಲ್ ಸಾ (ದುಂಡಗೆ ತೂತು ಕೊರೆಯುವ ಗರಗಸ) ಇರುತ್ತದೆ. ನಿಪ್ಪಲಿನ ಚೂಡಿಯನ್ನು ಅಳೆದುಕೊಂಡು ಸರಿಯಾದ ಬಿಲ್ಲೆ ಹಾಕಿಸಿ ಕೊರೆಸಿ.

ಪೈಪಿನ ಎಲ್ಲ ಕೀಲಿಗೂ ಸಲ್ಯೂಷನ್ ಹಚ್ಚಬೇಕಿಲ್ಲ. ಡ್ರಮ್ಮಿನ ಒಳಗಿನ ಎಲ್ಬೋಗಳನ್ನು ಒತ್ತಿ ಕೂರಿಸಿದರೆ ಸಾಕು, ತೊಳೆಯುವಾಗ ಬಿಚ್ಚಲು ಬರುತ್ತದೆ.

ಎರಡನೆಯ ಡ್ರಮ್ಮಿಗೆ ಏನು ತುಂಬಬೇಕು?

ಹೆಚ್ಚು ಮೈ ಇರಬೇಕು, ನೀರು ಸಲೀಸಾಗಿ ಹಾಯಬೇಕು, ಕೊಳೆಯಬಾರದು, ಎತ್ತಲು ಹಗುರ ಇರಬೇಕು. ಈ ನಾಲ್ಕಕ್ಕೂ ನಮ್ಮ ಕಡೆ ಸುಲಭವಾಗಿ ಸಿಗುವುದರಲ್ಲಿ ಶೇಡ್ ನೆಟ್ಟೇ ಮೇಲು. 50 ಪರ್ಸೆಂಟಿನ ಹಸಿರು ನೆಟ್ಟು, 3 ಮೀಟರ್ ಅಗಲದ್ದು, 10 ಮೀಟರ್ ತಂದು ಒಂದೊಂದು ಅಡಿಯ ಪಟ್ಟಿ ಕತ್ತರಿಸಿ. ಬಿಗಿಯಾಗಿ ಸುತ್ತಬೇಡಿ, ಬಟ್ಟೆ ಮುದುರಿದ ಹಾಗೆ ಸಡಿಲವಾಗಿ ಈರುಳ್ಳಿ ಚೀಲಕ್ಕೆ ತುರುಕಿ ಬಾಯಿ ಕಟ್ಟಿ. ಕತ್ತರಿಸಿದ ಅಂಚಿನಿಂದ ಎಳೆ ಬಿಡುತ್ತದೆ, ಮೊದಲೇ ಬಕೆಟ್ಟಿನಲ್ಲಿ ಜಾಲಾಡಿ. ಚೀಲಗಳು ಡ್ರಮ್ಮಿನ ಗೋಡೆಗೆ ಒತ್ತಿ ಕೂರಬೇಕು. ಪಕ್ಕದಲ್ಲಿ ಸಂದಿ ಬಿಟ್ಟರೆ ನೀರು ಅಲ್ಲಿಂದಲೇ ಏರಿ ಹೋಗುತ್ತದೆ, ಚೀಲದೊಳಕ್ಕೆ ಹೋಗುವುದಿಲ್ಲ.

ಪಾತ್ರೆ ತಿಕ್ಕುವ ಪ್ಲಾಸ್ಟಿಕ್ ಜುಂಗು ಚೆನ್ನಾಗಿರುತ್ತದೆ, ಆದರೆ ಬಹಳ ಬೇಕು. ಸ್ಟೀಲಿನದು, ತಾಮ್ರದ ಬಣ್ಣದ್ದು ಬೇಡವೇ ಬೇಡ. ತಾಮ್ರ ಮೀನಿಗೆ ವಿಷ.

ಬಾಟಲಿ ಮುಚ್ಚಳ ಗುಜರಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಕ್ಕರೆ ಒಳ್ಳೆಯದು. ಒಂದು ಲೀಟರಿಗೆ 60ರ ಆಸುಪಾಸು ಹಿಡಿಯುತ್ತವೆ, ಹಾಗಾಗಿ 50 ಲೀಟರ್ ತುಂಬಲು 3,000 ಬೇಕು. ಅವು ತೇಲುತ್ತವೆ. ಪ್ರತಿ ಚೀಲದಲ್ಲೂ ಒಂದೆರಡು ಕಲ್ಲು ಹಾಕಿ.

ವೈರಿಂಗ್ ಪೈಪ್ ತುಂಡು ಮಾಡಿ ಹಾಕಿ ಎಂದು ಹೇಳುವವರಿದ್ದಾರೆ. ಕೇಳಲು ಚೆಂದ, ಲೆಕ್ಕ ಹಾಕಿ ನೋಡಿ. 20 ಮಿ.ಮೀ. ಪೈಪನ್ನು ಇಂಚಿನ ತುಂಡು ಮಾಡಿದರೆ ಲೀಟರಿಗೆ ಸುಮಾರು 75 ತುಂಡು. 60 ಲೀಟರಿಗೆ 4,500 ತುಂಡು, ಅಂದರೆ 110 ಮೀಟರಿಗೂ ಹೆಚ್ಚು ಪೈಪು. ಮನೆ ಕಟ್ಟಿಸುವ ಕಡೆ ಉಳಿದ ತುಂಡು ಪುಕ್ಕಟೆ ಸಿಗದ ಹೊರತು ಇದು ಉಳಿತಾಯವಲ್ಲ, ಕೈ ಬೊಬ್ಬೆಯಷ್ಟೇ ಲಾಭ.

ಜಲ್ಲಿ, ಇಟ್ಟಿಗೆ ಚೂರು, ತೆಂಗಿನ ನಾರು?

ಜಲ್ಲಿ ಕೆಲಸ ಮಾಡುತ್ತದೆ, ತೊಳೆಯಲು ಆಗುವುದಿಲ್ಲ. 100 ಲೀಟರ್ ಜಲ್ಲಿ ಒಂದೂವರೆ ಕ್ವಿಂಟಾಲ್ ತೂಗುತ್ತದೆ. ಚೀಲಕ್ಕೆ ತುಂಬಿ ಇಟ್ಟರೂ ಎತ್ತುವವರಿಲ್ಲದೆ ಎರಡು ವರ್ಷ ಅಲ್ಲೇ ಕೊಳೆಯುತ್ತದೆ. ಹಾಕಲೇಬೇಕೆಂದರೆ 40 ಮಿ.ಮೀ. ಗ್ರಾನೈಟ್ ಜಲ್ಲಿ ತಳದಲ್ಲಿ ಒಂದೇ ಚೀಲ. ಹೊಲದಿಂದ ಆರಿಸಿ ತಂದ ಕಲ್ಲಾದರೆ ಅದರ ಮೇಲೆ ನಿಂಬೆರಸ ಹಿಂಡಿ ನೋಡಿ. ನೊರೆ ಬಂದರೆ ಸುಣ್ಣದಂಶ ಇದೆ, ಈಗಾಗಲೇ ಗಡಸಾಗಿರುವ ನೀರಿಗೆ ಅದು ಬೇಡ.

ಇಟ್ಟಿಗೆ ಚೂರಿನ ಮೈ ತುಂಬಾ ಸಣ್ಣ ತೂತುಗಳಿರುವುದರಿಂದ ಒಳ್ಳೆಯದು, ಆದರೆ ಚೆನ್ನಾಗಿ ಬೆಂದಿರಬೇಕು. ಒಂದು ಚೂರನ್ನು ರಾತ್ರಿಯಿಡೀ ನೀರಲ್ಲಿ ಹಾಕಿ ಬೆಳಗ್ಗೆ ತಿಕ್ಕಿ ನೋಡಿ; ಕೈಗೆ ಕೆಂಪು ಮಣ್ಣು ಹತ್ತಿದರೆ ಬಿಡಿ. ಒಡೆದ ಹೆಂಚಿಗೂ ಇದೇ ಪರೀಕ್ಷೆ.

ತೆಂಗಿನ ನಾರು ಹೊಸದುರ್ಗ, ಹಿರಿಯೂರು ಕಡೆ ಬೇಕಾದಷ್ಟಿದೆ, ಅಗ್ಗವೂ ಹೌದು. ಆದರೆ ನೀರಿಗೆ ಚಹಾದ ಬಣ್ಣ ಬಿಡುತ್ತದೆ, ಕೆಲವು ತಿಂಗಳಲ್ಲಿ ಕೊಳೆತು ತಾನೇ ಕೆಸರಾಗುತ್ತದೆ. ಭತ್ತದ ಹೊಟ್ಟೂ ಹಾಗೇ.

ತೋಟದ ಡ್ರಿಪ್ ಫಿಲ್ಟರ್ ಸುಮ್ಮನೆ ಬಿದ್ದಿದೆ, ಅದನ್ನೇ ಹಾಕಬಹುದಾ?

ಬೇಡ. ಡ್ರಿಪ್ಪಿನ ಡಿಸ್ಕ್ ಫಿಲ್ಟರ್ 130 ಮೈಕ್ರಾನಿನಷ್ಟು ಸಣ್ಣ ಕಣವನ್ನೂ ಹಿಡಿಯುತ್ತದೆ. ಕೊಳದ ಪಾಚಿಗೆ ಅದು ಗಂಟೆಯೊಳಗೆ ಕಟ್ಟಿಕೊಳ್ಳುತ್ತದೆ. ಸ್ಯಾಂಡ್ ಫಿಲ್ಟರಿಗೆ ಬೋರ್ ಮೋಟರಿನ ಒತ್ತಡ ಬೇಕು, 40 ವ್ಯಾಟಿನ ಪಂಪಿಗೆ ಅದರಲ್ಲಿ ನೀರು ದಾಟಿಸಲು ಆಗದು.

ಪಂಪ್ ಎಲ್ಲಿಡಬೇಕು?

ನೀರು ವಾಪಸ್ ಬೀಳುವ ಜಾಗದಿಂದ ದೂರದ ಮೂಲೆಯಲ್ಲಿ, ತಳದಿಂದ 6 ಇಂಚು ಎತ್ತರದಲ್ಲಿ. ತಳದಲ್ಲೇ ಇಟ್ಟರೆ ಕೆಸರು ಚೆನ್ನಾಗಿ ಎಳೆಯುತ್ತದೆ ನಿಜ. ಆದರೆ ಒಂದು ರಾತ್ರಿ ಹೋಸ್ ಪೈಪಿನ ಕ್ಲಿಪ್ ಕಳಚಿತು ಎಂದುಕೊಳ್ಳಿ, ಕೊಳದ ನೀರೆಲ್ಲ ಹಿತ್ತಲಿಗೆ. 6 ಇಂಚು ಮೇಲಿಟ್ಟರೆ ಮೀನು ಬದುಕುವಷ್ಟು ನೀರು ಉಳಿಯುತ್ತದೆ. ಪಂಪನ್ನು ತೂತಿನ ಪ್ಲಾಸ್ಟಿಕ್ ಬುಟ್ಟಿಯೊಳಗೆ ಇಟ್ಟು ಸುತ್ತ ಶೇಡ್ ನೆಟ್ಟು ಸುತ್ತಿ.

ಹತ್ತಿರ ಹುಣಸೆ ಮರ ಇದ್ದರೆ ಇದು ಕಡ್ಡಾಯ. ಬೇವು, ಹೊಂಗೆ ಎಲೆ ಬುಟ್ಟಿಗೇ ನಿಲ್ಲುತ್ತವೆ. ಹುಣಸೆ ಎಲೆ ಕಾಳಿನಷ್ಟು ಸಣ್ಣದು, ಬುಟ್ಟಿಯ ತೂತು ದಾಟಿ ಪಂಪಿನ ರೆಕ್ಕೆಗೆ ಸಿಕ್ಕಿ ಅಲ್ಲೇ ಉಂಡೆಯಾಗುತ್ತದೆ. ಆಷಾಢದ ಗಾಳಿಗೆ ದುರ್ಗದ ಕಡೆ ಎಲೆ, ದೂಳು ಎರಡೂ ಜಾಸ್ತಿ. ಆ ಒಂದೆರಡು ತಿಂಗಳು ಬುಟ್ಟಿಯನ್ನು ಎರಡು ದಿನಕ್ಕೊಮ್ಮೆ ಎತ್ತಿ ನೋಡಿ. ಕಾರಂಜಿ ಇದ್ದರೆ ಆಗ ಬಂದ್ ಮಾಡಿ, ಗಾಳಿ ನೀರನ್ನು ಕೊಳದಾಚೆ ಹಾರಿಸುತ್ತದೆ.

ಕರೆಂಟಿನ ಖರ್ಚು ಎಷ್ಟು? ರಾತ್ರಿ ಬಂದ್ ಮಾಡಬಹುದಾ?

40 ವ್ಯಾಟ್ ಪಂಪ್ ದಿನವಿಡೀ ಓಡಿದರೆ ತಿಂಗಳಿಗೆ ಸುಮಾರು 29 ಯೂನಿಟ್. ಗೃಹಜ್ಯೋತಿಯಲ್ಲಿ ಇರುವವರು ನಿಮಗೆ ನಿಗದಿಯಾದ ಯೂನಿಟ್ ಎಷ್ಟು ಎಂದು ಬೆಸ್ಕಾಂ ಬಿಲ್ಲಿನಲ್ಲಿ ನೋಡಿಕೊಂಡು ಲೆಕ್ಕ ಹಾಕಿ.

ರಾತ್ರಿ ಬಂದ್ ಮಾಡಬೇಡಿ. ರಾತ್ರಿ ಪಾಚಿ, ಗಿಡಗಳೂ ಆಮ್ಲಜನಕ ಎಳೆದುಕೊಳ್ಳುತ್ತವೆ, ಮೀನಿಗೆ ಅತಿ ಕಡಿಮೆ ಸಿಗುವುದು ಬೆಳಗಿನ ಜಾವ. ಪಂಪ್ ಬೇಕಾಗಿರುವುದೇ ಆಗ.

ಬ್ಯಾಕ್ಟೀರಿಯಾಕ್ಕೂ ಹರಿಯುವ ನೀರಿನ ಆಮ್ಲಜನಕವೇ ಜೀವ. ಒಂದೆರಡು ಗಂಟೆ ಕರೆಂಟ್ ಹೋದರೆ ಚಿಂತೆಯಿಲ್ಲ. ಆರು ಗಂಟೆ ಮೇಲೆ ಹೋಗಿದ್ದರೆ ಪಂಪ್ ಹಾಕುವ ಮೊದಲು ಎರಡೂ ಡ್ರಮ್ಮಿನ ಡ್ರೈನ್ ತೆರೆದು ನಿಂತ ನೀರನ್ನು ಗಿಡಕ್ಕೆ ಬಿಡಿ. ಆ ಕೊಳೆತ ನೀರು ಕೊಳಕ್ಕೆ ಹೋದರೆ ಮೀನು ಸಾಯುವುದು ಕರೆಂಟ್ ಹೋದಾಗ ಅಲ್ಲ, ಬಂದಾಗ.

ಪಂಪಿನ ಲೈನಿಗೆ 30 ಮಿಲಿ ಆಂಪಿಯರಿನ ಇಎಲ್‌ಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಹಾಕಿಸದೆ ನೀರಿಗೆ ಕೈ ಹಾಕಬೇಡಿ. ವೈರಿನ ಜಾಯಿಂಟ್ ನೀರಿನೊಳಗೆ ಇರಲೇಬಾರದು, ಎಷ್ಟು ಟೇಪ್ ಸುತ್ತಿದ್ದರೂ.

ನಲ್ಲಿ ನೀರು ಒಳ್ಳೆಯದೋ, ಬೋರ್ ನೀರೋ? ಆರ್‌ಒ ಘಟಕದ ವೇಸ್ಟ್ ನೀರು ಪುಕ್ಕಟೆ ಸಿಗುತ್ತದೆ.

ದಾವಣಗೆರೆಗೆ ತುಂಗಭದ್ರೆ, ಭದ್ರಾ ನಾಲೆಯ ನೀರು. ದುರ್ಗಕ್ಕೆ ಸೂಳೆಕೆರೆ, ವಾಣಿವಿಲಾಸ ಸಾಗರದ್ದು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದು ಮೀನಿನ ಕಿವಿರನ್ನೂ ಸುಡುತ್ತದೆ, ಫಿಲ್ಟರಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಬಾಯಿ ತೆರೆದ ಡ್ರಮ್ಮಿನಲ್ಲಿ ಒಂದೆರಡು ದಿನ ಬಿಸಿಲಿಗೆ ಇಟ್ಟು ಬಿಡಿ. ಅವಸರವಿದ್ದರೆ ಅಕ್ವೇರಿಯಂ ಅಂಗಡಿಯ ಹೈಪೋ ಹರಳು, 100 ಲೀಟರಿಗೆ 1 ಗ್ರಾಂ.

ಬೋರ್ ನೀರಿನಲ್ಲಿ ಕ್ಲೋರಿನ್ ಇಲ್ಲ, ಆಮ್ಲಜನಕವೂ ಇಲ್ಲ. ಪೈಪನ್ನು ಕೊಳದೊಳಗೆ ಮುಳುಗಿಸಿ ಬಿಡಬೇಡಿ, ಶವರಿನ ಹಾಗೆ ಮೇಲಿನಿಂದ ಚಿಮುಕಿಸಿ. ದುರ್ಗದ ಕಡೆ ಹಲವು ಬೋರುಗಳಲ್ಲಿ ಫ್ಲೋರೈಡ್ ಹೆಚ್ಚು. ಈ ಫಿಲ್ಟರ್ ಅದನ್ನು ತೆಗೆಯುವುದಿಲ್ಲ, ತಿಳಿಯಾಗಿದೆಯೆಂದು ಕುಡಿಯಲು ಬಳಸಬೇಡಿ.

ಆರ್‌ಒ ವೇಸ್ಟ್ ನೀರು ಬೇಡ. ಬೋರ್ ನೀರಿನ ಉಪ್ಪೆಲ್ಲ ಅದರಲ್ಲೇ ಸೇರಿರುತ್ತದೆ. ಏಪ್ರಿಲ್‌ನಲ್ಲಿ ಈ ಅಳತೆಯ ಕೊಳದಿಂದ ದಿನಕ್ಕೆ 20–30 ಲೀಟರ್ ನೀರು ಆವಿಯಾಗುತ್ತದೆ. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಹೀಗೆ ಬರೀ ತುಂಬಿಸುತ್ತಾ ಹೋದರೆ ಕೊಳ ದಿನೇ ದಿನೇ ಗಡಸಾಗುತ್ತದೆ. ವಾರಕ್ಕೊಮ್ಮೆ 200 ಲೀಟರ್ ಹೊರಗೆ ಬಿಟ್ಟು ಹೊಸ ನೀರು ಹಾಕಿ. ಕೆಸರು ಡ್ರಮ್ಮನ್ನು ಖಾಲಿ ಮಾಡಿದರೆ ಆ ಲೆಕ್ಕ ಅಲ್ಲೇ ಮುಗಿಯುತ್ತದೆ.

ಫಿಲ್ಟರ್ ಹಾಕಿ ಹತ್ತು ದಿನ ಆಯ್ತು, ನೀರು ಇನ್ನೂ ಹಾಲಿನ ಹಾಗಿದೆ.

ಕಾಯಿರಿ. ಬ್ಯಾಕ್ಟೀರಿಯಾ ನೆಲೆಯೂರಲು 4ರಿಂದ 6 ವಾರ ಬೇಕು, ಡಿಸೆಂಬರ್–ಜನವರಿಯ ಚಳಿಯಲ್ಲಿ ಇನ್ನೂ ಹೆಚ್ಚು. ಅಷ್ಟು ದಿನ ನಾಲ್ಕೈದು ಮೀನು ಮಾತ್ರ ಬಿಟ್ಟು ಎರಡು ದಿನಕ್ಕೊಮ್ಮೆ ಚಿಟಿಕೆ ಆಹಾರ ಹಾಕಿ. ಪರಿಚಯದವರ ಹಳೆಯ ಕೊಳದ ಫಿಲ್ಟರಿನಿಂದ ಒಂದು ಚೀಲ ತಂದು, ಒಣಗಲು ಬಿಡದೆ ನಿಮ್ಮ ಡ್ರಮ್ಮಿಗೆ ಹಾಕಿದರೆ ಅರ್ಧ ಸಮಯ ಉಳಿಯುತ್ತದೆ. ಮೊಸರಿಗೆ ಹೆಪ್ಪು ಹಾಕಿದ ಹಾಗೆ.

ಅಮೋನಿಯ, ನೈಟ್ರೈಟ್ ಕಿಟ್ ತಂದು ಮೂರು ದಿನಕ್ಕೊಮ್ಮೆ ನೋಡಿ. ಯಾವುದಾದರೂ ಲೀಟರಿಗೆ 0.5 ಮಿಲಿಗ್ರಾಂ ದಾಟಿದರೆ ಕಾಲುಭಾಗ ನೀರು ಬದಲಿಸಿ. ನೈಟ್ರೈಟ್ ಹೆಚ್ಚಿದ್ದರೆ 1,000 ಲೀಟರಿಗೆ 1 ಕಿಲೋ ಕಲ್ಲುಪ್ಪು ಕರಗಿಸಿ ಹಾಕಿ. ಉಪ್ಪಿನ ಕ್ಲೋರೈಡ್ ನೈಟ್ರೈಟನ್ನು ಮೀನಿನ ರಕ್ತಕ್ಕೆ ಸೇರದಂತೆ ತಡೆಯುತ್ತದೆ.

ನೀರು ಹಸಿರಾಗಿಯೇ ಇದೆ. ಪಟಿಕ ಅಥವಾ ಮೈಲುತುತ್ತ ಹಾಕಲಾ?

ಎರಡೂ ಬೇಡ. ಮೈಲುತುತ್ತದಲ್ಲಿ ಪಾಚಿ ಸಾಯುವ ಪ್ರಮಾಣಕ್ಕೂ ಮೀನು ಸಾಯುವ ಪ್ರಮಾಣಕ್ಕೂ ಹೆಚ್ಚು ಅಂತರವಿಲ್ಲ. ಪಟಿಕ ಪಿಎಚ್ ಇಳಿಸುತ್ತದೆ, ಕೂತ ಕೆಸರು ಕೊಳದ ತಳದಲ್ಲೇ ಉಳಿಯುತ್ತದೆ. ಬ್ಲೀಚಿಂಗ್ ಪೌಡರ್ ಮಾತೇ ಬೇಡ.

ಹಸಿರು ನೀರಿನ ಪಾಚಿ ಎಷ್ಟು ಸಣ್ಣದೆಂದರೆ ಈ ಡ್ರಮ್ಮುಗಳಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಬೇಕಾದ ಬಿಸಿಲನ್ನೂ ಗೊಬ್ಬರವನ್ನೂ ಕಡಿಮೆ ಮಾಡಬೇಕು. ನೀರಿನ ಮೈ ಅರ್ಧಕ್ಕಿಂತ ಹೆಚ್ಚು ನೆರಳಲ್ಲಿರಲಿ, ತಾವರೆ ಎಲೆಯದ್ದಾದರೂ ಸರಿ, ಶೇಡ್ ನೆಟ್ಟಿನದ್ದಾದರೂ ಸರಿ. ಎರಡನೆಯ ಡ್ರಮ್ಮಿನಿಂದ ಬರುವ ನೀರು ನೇರ ಕೊಳಕ್ಕೆ ಬೀಳದೆ, 1 ಅಡಿ ಆಳದ ಒಂದು ಉದ್ದನೆಯ ತೊಟ್ಟಿ ಹಾದು ಬರಲಿ. ಅದರಲ್ಲಿ ಮಣ್ಣಿಲ್ಲದೆ ಬರೀ ಜಲ್ಲಿ ಹಾಕಿ ಕಾಬಾಳೆ, ಕೆಸು, ಲಾವಂಚ ನೆಡಿ. ಅವು ನೈಟ್ರೇಟ್ ಹೀರಿ ಸೊಂಪಾಗಿ ಬೆಳೆಯುತ್ತವೆ. ಬೆಳೆದದ್ದನ್ನು ಕತ್ತರಿಸಿ ಹೊರಗೆ ಹಾಕಿದರೆ ಮಾತ್ರ ಗೊಬ್ಬರ ಹೊರಗೆ ಹೋದಂತೆ. ಅಲ್ಲೇ ಒಣಗಿ ಬಿದ್ದರೆ ವಾಪಸ್ ನೀರಿಗೇ. ನೀರಿನ ಮೇಲೆ ತೇಲುವ ಕಳೆ ಬೆಳೆಸಿದ್ದರೆ ಹೆಚ್ಚಾದದ್ದನ್ನು ಕೆರೆಗೋ ನಾಲೆಗೋ ಎಸೆಯಬೇಡಿ, ಬಿಸಿಲಿಗೆ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ.

ಅಷ್ಟಾದರೂ ಹಸಿರು ಹೋಗದಿದ್ದರೆ 11 ವ್ಯಾಟಿನ ಯುವಿ ದೀಪ. ಇದನ್ನು ಮಾತ್ರ ಮನೆಯಲ್ಲಿ ಮಾಡಲು ಹೋಗಬೇಡಿ, ಆ ಬೆಳಕು ಕಣ್ಣು ಸುಡುತ್ತದೆ. ಮುಚ್ಚಿದ ಕೊಳವೆಯಲ್ಲಿ ಬರುವುದನ್ನೇ ಕೊಳ್ಳಿ.

ಮೀನಿಗೆ ಮಂಡಕ್ಕಿ ಹಾಕಬಹುದಾ?

ದಾವಣಗೆರೆಯಲ್ಲಿ ಈ ಪ್ರಶ್ನೆ ಬಾರದೆ ಇರದು. ಮೀನು ಮುಗಿಬಿದ್ದು ತಿನ್ನುತ್ತವೆ, ಮಕ್ಕಳಿಗೆ ಖುಷಿ. ಆದರೆ ಅದು ಬರೀ ಗಂಜಿ. ತಿನ್ನದೆ ಉಳಿದದ್ದು ಒಂದು ಗಂಟೆಯಲ್ಲಿ ನೆನೆದು, ಒಡೆದು, ಬಿಳಿ ಲೋಳೆಯಾಗಿ ಪಂಪಿನ ಬುಟ್ಟಿಗೆ ಮೆತ್ತಿಕೊಳ್ಳುತ್ತದೆ. ಖಾರ, ಎಣ್ಣೆ ಹಚ್ಚಿದ್ದಂತೂ ನೀರಿನ ಮೇಲೆ ಪೊರೆ ಕಟ್ಟುತ್ತದೆ. ಯಾವಾಗಲೋ ಒಂದು ಮುಷ್ಟಿ ಇರಲಿ. ದಿನದ ಆಹಾರ ಮೂರು ನಿಮಿಷದಲ್ಲಿ ಮುಗಿಯುವಷ್ಟೇ.

ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು?

ಕೆಸರು ಡ್ರಮ್ಮಿನ ವಾಲ್ವ್ ವಾರಕ್ಕೊಮ್ಮೆ, ಪೂರ್ತಿ ತೆರೆದು. ಮೊದಲು ಕಪ್ಪು ನೀರು ಬರುತ್ತದೆ, ಅದು ಗುಲಾಬಿಗೂ ತೆಂಗಿಗೂ ಒಳ್ಳೆಯ ಗೊಬ್ಬರ.

ಎರಡನೆಯ ಡ್ರಮ್ಮನ್ನು ಹರಿವು ಕಡಿಮೆಯಾದಾಗ ಮಾತ್ರ ಮುಟ್ಟಿ, ಮೂರು ನಾಲ್ಕು ತಿಂಗಳಿಗೊಮ್ಮೆ. ಒಂದು ಸಲಕ್ಕೆ ಮೂರನೇ ಒಂದು ಭಾಗದ ಚೀಲ ಮಾತ್ರ, ಕೊಳದ್ದೇ ನೀರು ತುಂಬಿದ ಬಕೆಟ್ಟಿನಲ್ಲಿ ಎರಡು ಸಲ ಅದ್ದಿ ತೆಗೆದು ವಾಪಸ್. ನಲ್ಲಿಯ ಕೆಳಗೆ ಹಿಡಿದು ಬೆಳ್ಳಗಾಗುವ ತನಕ ತಿಕ್ಕಿದರೆ ಆರು ವಾರದ ಕೆಲಸ ಐದು ನಿಮಿಷದಲ್ಲಿ ಹೋಯಿತು. ಚೀಲದ ಮೇಲಿನ ಕಂದು ಲೋಳೆಯೇ ನಿಮ್ಮ ಫಿಲ್ಟರ್.

ಪಂಪಿನ ರೆಕ್ಕೆಯ ಮೇಲೆ ಗಡಸು ನೀರಿನ ಬಿಳಿ ಪೊರೆ ಕಟ್ಟುತ್ತದೆ. ಎರಡು ತಿಂಗಳಿಗೊಮ್ಮೆ ಬಿಚ್ಚಿ ಅರ್ಧ ಗಂಟೆ ವಿನೆಗರಿನಲ್ಲಿ ನೆನೆಸಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಪಂಪ್ ಗುಂಯ್ ಎಂದು ಸದ್ದು ಮಾಡುತ್ತಾ ನೀರು ಕೊಡದಿದ್ದರೆ ಹತ್ತಕ್ಕೆ ಎಂಟು ಸಲ ಕಾರಣ ಇದೇ, ಸುಟ್ಟುಹೋಗಿದೆ ಎಂದು ಎಸೆಯಬೇಡಿ.

ಡ್ರಮ್ಮಿನಲ್ಲಿ ಸೊಳ್ಳೆ ಆಗುತ್ತಾ?

ಮೇಲ್ಭಾಗದ ನೀರು ನಿಧಾನವಾಗಿರುವುದರಿಂದ ಆಗಬಹುದು. ಬಾಯಿಗೆ ಸೊಳ್ಳೆ ಪರದೆ ಕಟ್ಟಿ. ಕೊಳದಲ್ಲಿ ಗಪ್ಪಿ ಇದ್ದರೆ ಅಲ್ಲಿನ ಮರಿಗಳನ್ನು ಅವೇ ತಿನ್ನುತ್ತವೆ.

ಮಳೆ ಬಂದಾಗಲೆಲ್ಲ ಕೊಳ ಕೆಂಪಾಗುತ್ತದೆ.

ಅದು ಫಿಲ್ಟರಿನ ತಪ್ಪಲ್ಲ, ಹಿತ್ತಲ ನೀರು ಒಳನುಗ್ಗುತ್ತಿದೆ. ಕೊಳದ ಅಂಚನ್ನು ನೆಲಕ್ಕಿಂತ 5–6 ಇಂಚು ಎತ್ತರಿಸಿ. ಹೆಚ್ಚಾದ ನೀರು ಹೊರಹೋಗಲು 2 ಇಂಚಿನ ಪೈಪ್ ಇಟ್ಟು ಅದರ ಬಾಯಿಗೆ ಜಾಲರಿ ಹಾಕಿ, ಇಲ್ಲದಿದ್ದರೆ ಮೀನೂ ಅದೇ ದಾರಿ ಹಿಡಿಯುತ್ತವೆ.

ಹತ್ತು ದಿನ ಊರಲ್ಲಿ ಇರೋದಿಲ್ಲ. ಏನು ಮಾಡಬೇಕು?

ಆಹಾರದ ಚಿಂತೆ ಬೇಡ, ಬೆಳೆದ ಮೀನು ಹತ್ತು ದಿನ ಆರಾಮಾಗಿ ಇರುತ್ತವೆ. ಹೊರಡುವ ಹಿಂದಿನ ದಿನ ಕೆಸರು ಡ್ರಮ್ಮು ಖಾಲಿ ಮಾಡಿ, ಪಂಪಿನ ಬುಟ್ಟಿ ತೊಳೆದು, ಕೊಳ ಅಂಚಿನವರೆಗೆ ತುಂಬಿಸಿ. ಹೊರಡುವ ದಿನವೇ ಫಿಲ್ಟರ್ ಬಿಚ್ಚಿ ಜೋಡಿಸಬೇಡಿ, ಸರಿಯಾಗಿ ಕೂರದ ಪೈಪು ಗೊತ್ತಾಗುವುದು ಮಾರನೆಯ ದಿನ. ಪಕ್ಕದ ಮನೆಯವರಿಗೆ ಹೇಳಿ ಹೋಗುವುದು ಎರಡೇ: ನೀರು ಬೀಳುವ ಸದ್ದು ಕೇಳುತ್ತಿದೆಯಾ ನೋಡಿ, ಕೇಳದಿದ್ದರೆ ಸ್ವಿಚ್ ಆರಿಸಿ ಫೋನ್ ಮಾಡಿ. ಮೀನಿಗೆ ಏನಾದರೂ ಹಾಕಲೇ ಎಂದು ಅವರು ಕೇಳಿದರೆ, ಮೂರು ದಿನಕ್ಕೊಂದರಂತೆ ಚಿಟಿಕೆ ಆಹಾರ ಕಟ್ಟಿದ ಮೂರು ಪೊಟ್ಟಣ ಕೊಟ್ಟು, ಡಬ್ಬವನ್ನು ಒಳಗಿಟ್ಟು ಬೀಗ ಹಾಕಿ.